ಭಂಗಾರದ ಮಹಾಪ್ರಾಣ

ಹೋದ ತಿಂಗಳು ಪುಣೆ ಹತ್ತಿರದ ಚಾಕಣದ ನಮ್ಮ ಕಾರ್ಖಾನೆಯ ಸ್ಟೋರಿನಲ್ಲಿ ಗೆಳೆಯನೊಬ್ಬ ತನ್ನ ಮದುವೆಯ ಕಾರ್ಡು ಕೊಟ್ಟ. ಮೊಬೈಲಿಗೆ ತಳ್ಳಿದ್ದಲ್ಲ, ನಿಜವಾದ ಕಾಗದದ್ದು. ದಪ್ಪ ಕೆಂಪು ರಟ್ಟು, ಮೇಲ್ಗಡೆ ಉಬ್ಬು ಅಚ್ಚಿನಲ್ಲಿ ಬಂಗಾರದ ಬಣ್ಣದ ಗಣಪತಿ. ಅಂಥ ಕಾರ್ಡು ಕೈಗೆ ಬಂದರೆ ಉಳಿದವರು ಊಟ ಎಲ್ಲಿ, ಎಷ್ಟೊತ್ತಿಗೆ ಎಂದು ನೋಡುತ್ತಾರೆ. ನನ್ನ ಕೈ ಮಾತ್ರ ನೇರವಾಗಿ ಮೇಜಿನ ಮೇಲಿದ್ದ ಕತ್ತರಿಗೆ ಹೋಯಿತು. "ಲೇ, ಇನ್ನೂ ಮದುವೆನೇ ಆಗಿಲ್ಲ, ಈಗಲೇ ಕತ್ತರಿಸ್ತೀಯಾ!" ಎಂದು ಅವನು ಮರಾಠಿಯಲ್ಲಿ ಚೀರಿದ.

ಕತ್ತರಿ ಕೆಳಗಿಟ್ಟೆ. ಆದರೆ ಅಷ್ಟರಲ್ಲೇ ಮೂಗಿಗೆ ಕುದಿಸಿದ ಮೈದಾ ಅಂಟಿನ ಬೆಚ್ಚನೆಯ ವಾಸನೆ ಅಡರಿತ್ತು. ಜಿರಲೆ ತಿನ್ನದಿರಲಿ ಎಂದು ಚಿಟಿಕೆ ಮೈಲುತುತ್ತು ಬಿದ್ದು ತಿಳಿನೀಲಿಯಾದ ಅಂಟು… ಕೆಳಗಿನ ಮನೆಯ ಮೌಶಿಯ ಅಂಟು.

ಮೌಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ಅವರು ನಮಗೆ ರಕ್ತಸಂಬಂಧಿಯಲ್ಲ. ಪುಣೆಯ ಹಡಪಸರದಲ್ಲಿ, ಮಗರಪಟ್ಟಾದ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ದೂರದಿಂದಲೇ ಕನಿಕರದಿಂದ ನೋಡುವ ನಮ್ಮ ಹಳೇ ಹೌಸಿಂಗ್ ಸೊಸೈಟಿಯ ನೆಲಮಹಡಿಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ ಅವರದು. ನಮ್ಮ ಹಾಗೆಯೇ ವಿಜಯಪುರದ ಕಡೆಯವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮೌಶಿ ಊಟ ನಿದ್ರೆ ಮನೆಯೊಳಗೆ ಮಾಡುತ್ತಿದ್ದರು. ಬದುಕು ಮಾಡಿದ್ದು ಮಾತ್ರ ಮನೆಯ ಪಕ್ಕದ ಮೆಟ್ಟಿಲ ಕೆಳಗೆ.

ಆ ಇಳಿಜಾರು ಜಾಗದಲ್ಲಿ ಏನಿರಲಿಲ್ಲ! ಹಾಲಿನ ಪಾಕೀಟು, ಒಡೆದ ಬಳೆ, ಬಾಟಲಿ ಮುಚ್ಚಳ, ತೆಂಗಿನ ಚಿಪ್ಪು, ಗುಂಡಿ ಉದುರಿದ ಅಂಗಿ, ಅಂಗಿ ಕಳೆದುಕೊಂಡ ಗುಂಡಿ. ಎರಡನೇ ಮಹಡಿಯ ಬೆಂಗಳೂರಿನ ಐಟಿ ಹುಡುಗರು "ಆಂಟಿ, ಈ ಬಾಕ್ಸ್ ಬೇಕಾ? ಸುಮ್ನೆ ಬಿಸಾಕ್ತಿದ್ವಿ" ಎಂದು ಕೊರಿಯರಿನ ರಟ್ಟಿನ ಪೆಟ್ಟಿಗೆ ತಂದು ಕೊಡುತ್ತಿದ್ದರು. ಪಾಕೀಟುಗಳನ್ನು ತೊಳೆದು, ಉದ್ದಕ್ಕೆ ಸೀಳಿ, ಜಡೆ ಹೆಣೆದು ಮೌಶಿ ಕಾಲೊರಸು ಮಾಡುತ್ತಿದ್ದರು. ಬಳೆಚೂರು ಬಾಗಿಲ ತೋರಣವಾಗುತ್ತಿತ್ತು. ನನ್ನ ಹರಿದ ಜೀನ್ಸ್ ಪ್ಯಾಂಟು ಸಂತೆಯ ಚೀಲವಾಯಿತು, ಹಿಂದಿನ ಜೇಬಿನಲ್ಲಿ ಕೊತ್ತಂಬರಿ ಸಿವುಡು ಸರಿಯಾಗಿ ಕೂರುತ್ತಿತ್ತು. ಮೌಶಿ ಅದನ್ನು ಹೆಗಲಿಗೇರಿಸಿ ಹೊರಟರೆ ಇಡೀ ಗಲ್ಲಿ ನನ್ನ ಹಿಂಭಾಗವನ್ನು ಗುರುತು ಹಿಡಿದು ನಮಸ್ಕಾರ ಹೇಳುತ್ತಿತ್ತು.

ಇದೆಲ್ಲ ಶುರುವಾದದ್ದು ಹೇಗೆ ಎಂಬುದನ್ನು ಅವರ ಬಾಯಲ್ಲೇ ಕೇಳಬೇಕಿತ್ತು.

"ನಾ ಲಗ್ನಾಗಿ ಹೊಸದಾಗಿ ಪುಣೇಕ ಬಂದಿದ್ನಿ. ಮುಂಜಾನೆ ಒಬ್ಬಾಂವ ಗಾಡಿ ನೂಕ್ಕೋತ 'ಭಂಗಾರ್, ಭಂಗಾರ್' ಅಂತ ಒದರ್ಕೋತ ಹೊಂಟಿದ್ದ. ಅಯ್ಯ ಶಿವನ, ಏನ್ ಶ್ರೀಮಂತ ಊರೋ ಇದು, ನಮ್ಮೂರಾಗ ಕಾಯಿಪಲ್ಯೆ ಮಾರಿದಂಗ ಇಲ್ಲಿ ಬಂಗಾರ ಮಾರ್ತಾರಲ್ಲ ಅನಕೊಂಡೆ. ತವರುಮನಿ ಬೆಂಡೋಲಿ ಕೈಯಾಗ ಹಿಡಕೊಂಡು ಓಡಿದೆ, ಇದಕ್ಕ ಒಪ್ಪೂವಂಥಾ ಸರ ಅದ ಏನ್ ನೋಡೋಣು ಅಂತ. ಗಾಡ್ಯಾಗ ನೋಡಿದ್ರ ಮುರುಕ ಸೈಕಲ್ಲು, ತೂತ ಬಕೀಟು!"

ಮರಾಠಿಯಲ್ಲಿ ಭಂಗಾರ ಎಂದರೆ ಗುಜರಿ. ನಮ್ಮ ಬಂಗಾರಕ್ಕೂ ಅದಕ್ಕೂ ನಡುವೆ ಇರುವುದು ಒಂದೇ ಒಂದು ಮಹಾಪ್ರಾಣ.

"ಗಾಡ್ಯಾಂವ ನಕ್ಕ, ನಾನೂ ನಕ್ಕೆ. ಆದ್ರ ಆ ತೂತ ಬಕೀಟು ಬಿಟ್ಟು ಬರಲಿಲ್ಲ ನೋಡು." ಇಷ್ಟು ಹೇಳಿ ಮೌಶಿ ಬಾಗಿಲ ಕಡೆ ಬೆರಳು ಮಾಡುತ್ತಿದ್ದರು. ಅವರ ತುಳಸಿ ಅದೇ ಬಕೆಟಿನಲ್ಲಿ ಬೆಳೆದಿತ್ತು. ತೂತು ನೀರು ಬಸಿಯಲು ಹೇಳಿ ಮಾಡಿಸಿದಂತಿತ್ತು.

ನಾನಾಗ ಕಾಲೇಜಿನಲ್ಲಿದ್ದೆ. ಕಾಲೇಜು ಎಂದರೆ ಹಾಜರಿ ಕೂಗುವಾಗ ಗೈರುಹಾಜರಾದ ಗೆಳೆಯರೆಲ್ಲರ ದನಿಯಲ್ಲಿ "ಯೆಸ್ ಸರ್" ಅನ್ನುವುದು, ಅಷ್ಟೇ. ಅಪ್ಪನ ಕೆಮ್ಮು, ಹಾಲಿನವನ ಕೂಗು, ಮೂರನೇ ಮಹಡಿಯ ಪ್ರೆಷರ್ ಕುಕ್ಕರು, ಯಾವುದನ್ನೂ ಬಿಟ್ಟವನಲ್ಲ. ನನ್ನ ಸ್ವಂತ ದನಿ ಯಾವುದು ಎಂದು ಅವ್ವ ಕೇಳುತ್ತಿದ್ದಳು. ಅದೂ ಎಲ್ಲರಿಂದ ಉಳಿದ ತುಂಡುಗಳದ್ದೇ. ಮೌಶಿ ನನ್ನನ್ನು "ನಕಲ್ಯಾ" ಎಂದು ಕರೆಯುತ್ತಿದ್ದರು.

ಅವರನ್ನು ನಕಲು ಮಾಡುವುದು ಬಲು ಸುಲಭ. ಹೊಲಿಯುವಾಗಲೂ ಅಂಟಿಸುವಾಗಲೂ ಮೌಶಿಯ ತುಟಿಗಳ ನಡುವೆ ಗುಂಡುಪಿನ್ನುಗಳಿರುತ್ತಿದ್ದವು. ಆ ಪಿನ್ನುಗಳ ಸಂದಿಯಿಂದ ಮಹಾಪ್ರಾಣ ಹೊರಡುತ್ತಿರಲಿಲ್ಲ. ಧೋತರ ದೋತರವಾಗುತ್ತಿತ್ತು, ಭಾವ ಬಾವನಾಗುತ್ತಿದ್ದ, ಭಂಗಾರ ಬಂಗಾರವಾಗುತ್ತಿತ್ತು. ನಾನು ತುಟಿ ಬಿಗಿಹಿಡಿದು "ನಕಲ್ಯಾ, ಆ ರಟ್ಟು ಮಡಚಬ್ಯಾಡೋ" ಅಂದರೆ ಮೊದಲು ನಗುತ್ತಿದ್ದವರು ಮೌಶಿಯೇ. ನಗುವಾಗ ಪಿನ್ನು ಬೀಳದಂತೆ ಮೂಗಿನಿಂದ ನಗುತ್ತಿದ್ದರು.

ಆ ವರ್ಷ ಗಣಪತಿ ಹಬ್ಬದ ಮುಂಚೆ ಮೆಟ್ಟಿಲ ಕೆಳಗೆ ಒಂದು ಫಲಕ ಬಂತು. ಸೊಸೈಟಿಯ ಸೆಕ್ರೆಟರಿ ಕಾಕಾ ಬರೆದದ್ದು. ಪುಣೆಯವರು ಎದುರಿಗೆ ಬೈಯುವುದಿಲ್ಲ, ಬೋರ್ಡು ಬರೆದು ತೂಗುಹಾಕುತ್ತಾರೆ. ಮರಾಠಿಯಲ್ಲಿದ್ದ ಆ ಬರಹದ ಸಾರಾಂಶ: 'ಇದು ಮೆಟ್ಟಿಲು. ಮೇಲೆ ಹತ್ತುವುದಕ್ಕೆ, ಕೆಳಗೆ ರಾಶಿ ಹಾಕುವುದಕ್ಕಲ್ಲ. ಹಬ್ಬದ ಮುನ್ನಾದಿನ ಭಂಗಾರದ ಗಾಡಿ ಬಂದು ಎಲ್ಲವನ್ನೂ ಒಯ್ಯುತ್ತದೆ. ಓದಲು ಬಾರದವರು ಓದಿದವರನ್ನು ಕೇಳಿ ದುಃಖಪಡಬೇಕು.'

ಮೌಶಿಗೆ ಮರಾಠಿ ಅಕ್ಷರ ಬರುತ್ತಿರಲಿಲ್ಲ. ನಾನೇ ಓದಿ ಹೇಳಿದೆ, ಕಾಕಾನ ಗಂಟಲಲ್ಲೇ, ನಗಿಸೋಣವೆಂದು. ಅವರು ನಗಲಿಲ್ಲ. ತುಟಿಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು.

"ಮನ್ಯಾಗ ಇಡಾಕ ಜಾಗಾ ಇಲ್ಲ. ಇದು ಹೋತಂದ್ರ ನಾ ಏನ್ ಮಾಡ್ಲೋ ನಕಲ್ಯಾ? ಉಪ್ಪ ಹಾಕಲಾರದ ಉಪ್ಪಿನಕಾಯಿ ಇದ್ದಂಗ, ಕೈ ಸುಮ್ನ ಕುಂತ್ರ ಮನಸಿಗೆ ಬೂಸರು ಬರ್ತದ."

ಕಾಕಾನ ಹತ್ತಿರ ಹೋಗಿ ಬೇಡಿಕೊಂಡೂ ನೋಡಿದರು. "ಅಹೋ, ಹಾ ಉಕಿರಡಾ ಆಹೇ!" ಎಂದರಂತೆ ಕಾಕಾ. ತಿಪ್ಪೆ ಅಂದುಬಿಟ್ಟರು. ಆ ವಾರ ಮೌಶಿ ಕತ್ತರಿ ಮುಟ್ಟಲಿಲ್ಲ. ನಮ್ಮ ಮನೆಗೆ ಬಂದರೆ ಅವ್ವನ ಸೆರಗಿನ ಎಳೆ ಬಿಡಿಸುತ್ತ ಕೂರುತ್ತಿದ್ದರು…

ಹಬ್ಬದ ಮುನ್ನಾದಿನ ಬೆಳಿಗ್ಗೆ ಗಾಡಿ ಬಂತು. ಅದೇ ಹೊತ್ತಿಗೆ ಕಾಕಾ ಮತ್ತು ಕಮಿಟಿಯವರು ತಾರಸಿಯ ಮೇಲೆ ಹೋದ ವರ್ಷದ ಮಖರ ಬಿಚ್ಚುತ್ತಿದ್ದರು. ಮಖರ ಎಂದರೆ ಗಣಪತಿಯನ್ನು ಕೂಡಿಸುವ ಅಲಂಕಾರದ ಮಂಟಪ. ನಮ್ಮ ಕಟ್ಟಡದ್ದು ಥರ್ಮಾಕೋಲಿನ ಅರಮನೆ, ಕಾಕಾ ಸ್ವತಃ ತಾಡಪತ್ರಿ ಹೊದಿಸಿ ಕಟ್ಟಿಟ್ಟದ್ದು. ಬಿಚ್ಚಿದರೆ ಅರಮನೆಯಲ್ಲಿ ಇಲಿಗಳು ಸಂಸಾರ ಹೂಡಿ, ಕಂಬ ಕಮಾನುಗಳನ್ನೆಲ್ಲ ಕಡಿದು ಬಿಳಿ ಕಾಳು ಮಾಡಿಟ್ಟಿದ್ದವು. ವಾಹನವೇ ಯಜಮಾನನ ಮನೆಯನ್ನು ತಿಂದುಹಾಕಿತ್ತು. ಬಾಡಿಗೆಗೆ ಕೊಡುವ ಅಂಗಡಿಗಳಿಗೆ ಫೋನಿನ ಮೇಲೆ ಫೋನು ಹೋಯಿತು. ಹಬ್ಬದ ಹಿಂದಿನ ದಿನ ಯಾರಲ್ಲಿ ಏನು ಉಳಿದಿರುತ್ತದೆ?

ನಾನು ಮಧ್ಯದ ಮೆಟ್ಟಿಲಲ್ಲಿದ್ದೆ. ಮೇಲೆ ಅಳು, ಕೆಳಗೆ ಲೂಟಿ. ಗಾಡಿಯವನು ಆಗಲೇ ರಟ್ಟಿನ ಪೆಟ್ಟಿಗೆಗಳನ್ನು ಹೇರುತ್ತಿದ್ದ. ಮೌಶಿ ತುಳಸಿಯ ಬಕೆಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತಿದ್ದರು, ಅದನ್ನೂ ಒಯ್ದಾನೆಂದು. ನಾನು ಗಂಟಲು ಸರಿಮಾಡಿಕೊಂಡೆ. ಸೆಕ್ರೆಟರಿ ಕಾಕಾನ ದನಿ ನನ್ನ ಬಾಯಿಂದ ಮೆಟ್ಟಿಲುಗಳ ನಡುವೆ ಗುಡುಗಿತು: "ಏ ಭಂಗಾರವಾಲೇ! ಥಾಂಬ! ಸಗಳಂ ಪರತ ಠೇವ!" ನಿಲ್ಲು, ಎಲ್ಲ ವಾಪಸ್ ಇಡು.

ಗಾಡಿಯವನು ತಟ್ಟನೆ ನಿಂತ. ಸಾಮಾನು ಕೆಳಗಿಳಿಯತೊಡಗಿತು. ವಿಜಯದಿಂದ ಹಿಂದೆ ತಿರುಗಿದರೆ, ಒಂದು ಮೆಟ್ಟಿಲು ಮೇಲೆ ಕಾಕಾ. ಕೈಯಲ್ಲಿ ಇಲಿ ಕಡಿದ ಥರ್ಮಾಕೋಲ್ ಕಂಬ.

"ಮಾಝಾ ಆವಾಜ್… ಅಸಾ ಆಹೇ?" ಎಂದರು. ನನ್ನ ದನಿ ಹೀಗಿದೆಯಾ, ಅಂತ. ಸಿಟ್ಟಿಗಿಂತ ಆಘಾತವೇ ಹೆಚ್ಚಿತ್ತು.

ನಾನು ಬಾಯಿ ತೆರೆಯುವ ಮೊದಲೇ ಮೌಶಿ ಕೆಳಗಿನಿಂದ ಕೂಗಿದರು, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ: "ಸಾಹೇಬ, ಮಖರ ಮೀ ಕರತೇ, ನಾ ಮಾಡ್ತೀನಿ! ಸಂಜೀಕ ನಿಂತಿರ್ತದ. ಆದ್ರ ನನ್ನ ಸಾಮಾನು ಒಂದ ಚೂರೂ ಹೋಗಬಾರ್ದು ನೋಡ್ರಿ!"

ಕಾಕಾ ಕೈಯಲ್ಲಿದ್ದ ಕಂಬವನ್ನು ನೋಡಿದರು. ಅದು ಆಗಲೇ ಎರಡು ತುಂಡಾಯಿತು. ಆಗಲಿ ಎಂದು ತಲೆ ಆಡಿಸಿದರು.

ಅಂದಿನ ಮಧ್ಯಾಹ್ನವನ್ನು ಹೇಗೆ ಹೇಳಲಿ… ದೊಡ್ಡ ಪಾತೇಲಿಯಲ್ಲಿ ಮೈದಾ ಅಂಟು ಕುದಿಯಿತು. ಬಾಯಲ್ಲಿ ಪಿನ್ನು ಕಚ್ಚಿಕೊಂಡು ಮೌಶಿ ಇಡೀ ಕಟ್ಟಡವನ್ನು ಕೆಲಸಕ್ಕೆ ಹಚ್ಚಿದರು. ಫ್ರಿಜ್ಜಿನ ಪೆಟ್ಟಿಗೆಯ ರಟ್ಟನ್ನು ಕಮಾನಿನಂತೆ ಕೊಯ್ದು ಒಂದರ ಮೇಲೊಂದು ಅಂಟಿಸಿದೆವು, ಒಂದರ ಗೆರೆ ಉದ್ದಕ್ಕೆ ಬಂದರೆ ಇನ್ನೊಂದರದು ಅಡ್ಡಕ್ಕೆ. "ಹಿಂಗ ಹಚ್ಚಿದ್ರ ಆನಿ ಕುಂತ್ರೂ ಬಾಗೂದಿಲ್ಲ. ನಾಳೆ ಆನಿ ಮಾರಿಯಾಂವನ ಬಂದು ಕೂಡಾಂವ ಇದ್ದಾನ" ಅಂದರು. ಸೀರೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಜರಿ ಅಂಚಿನ ತುಂಡುಗಳನ್ನು ತಂದರು, ಕಂಬಗಳಿಗೆ ಸುತ್ತಿದೆವು. ಐಟಿ ಹುಡುಗರು ಹಳೇ ಸಿಡಿಗಳನ್ನು ತಂದು, "ಆಂಟಿ, ಲೈಟಿಂಗ್ ನಮ್ಗೆ ಬಿಡಿ" ಎಂದು ಅವುಗಳನ್ನು ದೀಪದ ಹಿಂದೆ ಸಿಕ್ಕಿಸಿದರು.

ಕೊನೆಗೆ ಮೌಶಿ ಒಂದು ಬಿಸ್ಕೀಟಿನ ಡಬ್ಬಿ ತಂದು ಮುಚ್ಚಳ ತೆಗೆದರು. ಒಳಗೆ ಬರೀ ಗಣಪತಿಗಳು. ಮದುವೆ ಕಾರ್ಡುಗಳಿಂದ ಕತ್ತರಿಸಿದ್ದು. ಲಗ್ನ ಮುಗಿದ ಮೇಲೆ ಕಾರ್ಡನ್ನು ಮನೆಯಲ್ಲಿಡಲು ಜಾಗವಿಲ್ಲ, ದೇವರಿರುವುದರಿಂದ ಕಸಕ್ಕೆ ಹಾಕಲು ಮನಸ್ಸಿಲ್ಲ. ಕಟ್ಟಡದವರೆಲ್ಲ ಗುಟ್ಟಾಗಿ ತಂದು ಮೌಶಿಯ ಮೆಟ್ಟಿಲ ಕೆಳಗೆ ಸರಿಸಿ ಹೋಗುತ್ತಿದ್ದರು. ಕೆಂಪು, ಹಳದಿ, ಬೆಳ್ಳಿ, ಬಂಗಾರ, ಎಲೆಯಾಕಾರದವನು, ಓಂಕಾರದವನು, ಬರೀ ಸೊಂಡಿಲಿನ ಗೆರೆಯವನು. ಹಿಂದಿನ ಪರದೆಯ ತುಂಬ ಅವುಗಳನ್ನೇ ಅಂಟಿಸುವುದು ಎಂದಾಯಿತು.

ಹೊಸ ಕಾರ್ಡು ಕೆಲವು ಉಳಿದಿದ್ದವು, ಕತ್ತರಿ ನನಗೆ ಸಿಕ್ಕಿತು. ಮೊದಲ ಗಣಪತಿಯ ಕಿವಿಯನ್ನೇ ಹಾರಿಸಿದೆ. ಮುಚ್ಚಿಡಲು ನೋಡಿದರೆ ಮೌಶಿ ಕಸಿದುಕೊಂಡರು.

"ಕೊಡು ಇಲ್ಲಿ. ಇದನ್ನ ನಟ್ಟನಡುವ ಹಚ್ಚೋಣು. ಹಲ್ಲ ಮುರಕೊಂಡು ನಕ್ಕೋತ ಕುಂತಾಂವ, ಒಂದ್ ಕಿವಿ ಹೋತಂತ ಅಳ್ತಾನೇನು?"

"ಮೌಶಿ, ಇದರಾಗ ನಿಮ್ಮ ಲಗ್ನದ ಗಣಪತಿ ಯಾವುದ್ರಿ?"

"ನಮಗೆಲ್ಲಿ ಕಾರ್ಡೋ? ನಮ್ಮಪ್ಪ ಮನಿಮನಿಗೆ ಹೋಗಿ ಅಕ್ಷತಿ ಕೊಟ್ಟು ಕರದಿದ್ದ" ಅಂದರು. ಕಿವಿ ಹರಿದ ಗಣಪತಿಯನ್ನು ನಡುವೆ ಒತ್ತಿ ಹಚ್ಚಿ, ಅಂಗೈಯಿಂದ ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದರು.

ಸಂಜೆ ದೀಪ ಹಚ್ಚಿದಾಗ ಪರದೆ ಧಗಧಗ ಹೊಳೆಯಿತು. ಮರುದಿನ ಗಣಪತಿ ಬಂದು ಕುಳಿತ. ಆರತಿಯ ಹೊತ್ತಿಗೆ ಮೂರನೇ ಮಹಡಿಯ ವಹಿನಿ ಮೊದಲು ಚೀರಿದರು: "ಅಯ್ಯಾ, ಹಾ ಆಮಚಾ!" ಇವನು ನಮ್ಮವನು, ನಮ್ಮ ಲಗ್ನದವನು! ಅಷ್ಟೇ ಸಾಕಾಯಿತು. ಆರತಿಯ ತಾಳ ತಪ್ಪಿತು. ಗಂಡ ಹೆಂಡತಿ ಸೇರಿ ತಮ್ಮ ಗಣಪತಿಯನ್ನು ಹುಡುಕತೊಡಗಿದರು. ಮಾತು ಬಿಟ್ಟಿದ್ದ ಅತ್ತೆ ಸೊಸೆ ಒಂದೇ ಗಣಪತಿಗೆ ಬೆರಳು ಮಾಡಿ ನಿಂತರು. ಪಕ್ಕದ ಸೊಸೈಟಿಯವರು, ಅದರ ಪಕ್ಕದವರು ಬಂದರು. ಗೇಟಿನ ತನಕ ಸಾಲು ಬೆಳೆಯಿತು. ಮೌಶಿ ತೇರು ಎಳೆಸಿದ ಯಜಮಾನಿಯ ಹಾಗೆ ಕುರ್ಚಿಯ ಮೇಲೆ ಕುಳಿತಿದ್ದರು, ಪಕ್ಕದಲ್ಲಿ ನನ್ನ ಜೀನ್ಸಿನ ಚೀಲ, ಅದರ ತುಂಬ ಪ್ರಸಾದ.

ಎಲ್ಲರೂ ಹೋದ ಮೇಲೆ ಕಾಕಾ ಕನ್ನಡಕ ಏರಿಸಿ ಪರದೆಯನ್ನು ಇಂಚಿಂಚೂ ನೋಡಿದರು. ಬಲಗಡೆ ಮೇಲಿನ ಮೂಲೆಯಲ್ಲಿ ನಿಂತರು. ಹಸಿರು ರಟ್ಟಿನ ಮೇಲೆ ಬಂಗಾರದ ಗೆರೆ, ಅವರ ಮಗಳ ಲಗ್ನದ್ದು. ಉಳಿದ ಕಾರ್ಡುಗಳನ್ನು ಅವರೇ ಗುಜರಿಗೆ ಹಾಕಿದ್ದರು. ಮೌಶಿಯ ಕಡೆ ತಿರುಗಿ ಕೈ ಮುಗಿದರು. ನಾನು ಯಾರನ್ನು ಬೇಕಾದರೂ ನಕಲು ಮಾಡುವವನು. ಆ ನಮಸ್ಕಾರವನ್ನು ಮಾತ್ರ ನಕಲು ಮಾಡಲಿಲ್ಲ.

ಹಬ್ಬ ಮುಗಿದ ಮರುದಿನ ಹಳೇ ಫಲಕ ಹೋಗಿ ಹೊಸದು ಬಂದಿತ್ತು: 'ಇಲ್ಲಿಯ ವಸ್ತು ಮುಟ್ಟಬಾರದು. ಮುಟ್ಟಿದವರ ಗಣಪತಿ ಮುಂದಿನ ವರ್ಷ ಕಾಣಿಸುವುದಿಲ್ಲ.' ಅದರ ಕೆಳಗೆ ಮೌಶಿ ತಮ್ಮದೊಂದು ಹಲಗೆ ತೂಗುಹಾಕಿದರು. ಬಾಟಲಿ ಮುಚ್ಚಳಗಳನ್ನು ಅಂಟಿಸಿ ಕನ್ನಡದಲ್ಲಿ ಬರೆದದ್ದು, 'ಬಂಗಾರ'. ಏನದು ಎಂದು ಕಾಕಾ ಕೇಳಿದರು. "ಭಂಗಾರ" ಎಂದು ಓದಿ ಹೇಳಿದೆ. ಕೊನೆಗೂ ಒಪ್ಪಿಕೊಂಡರಲ್ಲ ಎಂದು ಅವರು ತೃಪ್ತಿಯಿಂದ ತಲೆದೂಗಿದರು. ಮೌಶಿ ಮೂಗಿನಿಂದ ನಕ್ಕರು.

ಹೋದ ಬೇಸಿಗೆಯಲ್ಲಿ ಮೌಶಿ ತೀರಿಕೊಂಡರು. ಮಧ್ಯಾಹ್ನದ ಚಹಾ ಕುಡಿದು ಅಡ್ಡಾದವರು ಏಳಲಿಲ್ಲ… ಮೆಟ್ಟಿಲ ಕೆಳಗೆ ಈಗ ಸ್ಕೂಟರುಗಳಿವೆ. ಮುಚ್ಚಳದ ಹಲಗೆಯನ್ನೂ ಪಿನ್ನಿನ ಡಬ್ಬಿಯನ್ನೂ ಬಿಸ್ಕೀಟಿನ ಡಬ್ಬಿಯನ್ನೂ ನಾನು ತಂದಿಟ್ಟುಕೊಂಡಿದ್ದೇನೆ. ತುಳಸಿಯ ಬಕೆಟು ಕಾಕಾನ ಬಾಲ್ಕನಿಯಲ್ಲಿದೆ, ಕೇಳಿದರೆ ಕೊಡುವುದಿಲ್ಲ. ಈ ಸಲದ ಗಣಪತಿಗೂ ಅದೇ ಮಖರವನ್ನು ತೇಪೆ ಹಾಕಿ ನಿಲ್ಲಿಸಿದೆವು. ನಡುವಿನ ಕಿವಿ ಹರಿದ ಗಣಪತಿ ಯಾರದು ಎಂದು ಹೊಸ ಬಾಡಿಗೆಯವರು ಕೇಳಿದಾಗ ಕಾಕಾ ಹೇಳಿದರು: "ತೋ ಮೌಶೀಂಚಾ." ಅವನು ಮೌಶಿಯವನು. ಯಾರೋ ನನಗೆ, ಒಂದು ಸಲ ಮೌಶಿ ಹಾಗೆ ಮಾತಾಡು ಅಂದರು. ಮಾತಾಡಿದೆ. ಯಾರೂ ನಗಲಿಲ್ಲ.

ನಿನ್ನೆ ಗೆಳೆಯನ ಮದುವೆ ಆಯಿತು. ಊಟ ಮುಗಿಸಿ ಮನೆಗೆ ಬಂದವನೇ ಕಾರ್ಡು ತೆಗೆದು, ಉಸಿರು ಬಿಗಿಹಿಡಿದು ಕತ್ತರಿಸಿದೆ. ಎರಡೂ ಕಿವಿ ಉಳಿದವು! ಭೇಷ್ ಅನ್ನಲು ಕೆಳಗಿನ ಮನೆಯಲ್ಲಿ ಯಾರೂ ಇರಲಿಲ್ಲ. ಅವರ ಪಿನ್ನಿನ ಡಬ್ಬಿಯಿಂದ ಗುಂಡುಪಿನ್ನು ತೆಗೆದು ತುಟಿಗೆ ಕಚ್ಚಿಕೊಂಡು, ಬಿಸ್ಕೀಟಿನ ಡಬ್ಬಿಯೊಳಗಿನ ಗಣಪತಿಗಳ ರಾಶಿಯನ್ನು ನೋಡುತ್ತ, ಕಾಕಾನ ಹಾಗೆ ಗತ್ತಿನಿಂದ 'ಭಂಗಾರ' ಅನ್ನಲು ಹೋದೆ. ಇನ್ನೊಮ್ಮೆ ಪ್ರಯತ್ನಿಸಿದೆ. ಬಾಯಿಂದ ಬಂದದ್ದು ಬಂಗಾರವೇ.