ಜೂನ್ ಒಂದರಂದು ಹುಟ್ಟಿದ ಹೊನ್ನೂರಮ್ಮ

ಗಂಗಾಂಬಿಕಾ ಮೇಡಂಗೆ ಹಗಲುಗನಸಿನ ರೋಗ ಎಂದು ಕೂಡ್ಲಿಗಿಯ ನಮ್ಮ ಶಿಕ್ಷಣ ಕಚೇರಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದೆವು. ಇಪ್ಪತ್ತು ವರ್ಷದಿಂದ ಮಕ್ಕಳ ಪಟ್ಟಿ ಬರೆಯುತ್ತ ಬಂದವರು. ಒಂದು ಹೆಸರು ಬರೆದರೆ ಪೆನ್ನು ಎತ್ತಿ ಕಿಟಕಿಯಾಚೆ ನೋಡುತ್ತ ಕೂತುಬಿಡುವರು. ಮನಸ್ಸಿನಲ್ಲೇ ಆ ಮಗುವಿಗೆ ಎರಡು ಜಡೆ ಹಾಕಿ, ಕಾಲುದಾರಿಯಲ್ಲಿ ನಡೆಸಿ, ಶಾಲೆ ಮುಟ್ಟಿಸಿದ ಮೇಲೇ ಮುಂದಿನ ಹೆಸರು. ನನಗೋ ಮೈಯೆಲ್ಲ ಉರಿಯುತ್ತಿತ್ತು.

2005ರಲ್ಲಿ ಹೊಸ ಸಾಫ್ಟ್‌ವೇರ್ ಬಂತು. ಶಾಲೆಯ ದಾಖಲಾತಿ, ಹಾಸ್ಟೆಲ್ ಅರ್ಜಿ ಎಲ್ಲವನ್ನೂ ಬೆರೆಸಿ ಹಾಸ್ಟೆಲ್ ಸೇರುವ ಮಕ್ಕಳ ಒಂದೇ ಪಟ್ಟಿ ಮಾಡುವುದು ಅದರ ಕೆಲಸ. ಹೇಗಿದೆಯೋ ನೋಡೋಣವೆಂದು ನಾನೇ ಗುಂಡಿ ಒತ್ತಿದೆ. ಎರಡೆರಡು ಸಲ ಬಂದ ಹೆಸರುಗಳು ನೋಡನೋಡುತ್ತಲೇ ಮಾಯ! ಹಿಗ್ಗಿನಲ್ಲಿ ಕರಡು ಪಟ್ಟಿಯನ್ನು ಶಾಲೆಗಳಿಗೂ ಕಳಿಸಿಬಿಟ್ಟೆ.

ನಾಲ್ಕನೇ ದಿನ ಸಹಿ ಮಾಡಲು ಕೂತ ಮೇಡಂ ಒಂದು ಹೆಸರಿನ ಮೇಲೆ ಬೆರಳಿಟ್ಟರು. “ಹಂಪೇಶ್, ಕಾನಹೊಸಹಳ್ಳಿ ಆಚಿ ಹಟ್ಟಿ ಹೊನ್ನೂರಮ್ಮ ಒಬ್ಬಾಕೀನ ಅದಾಳಲ್ಲ?”

“ಎರಡು ಸಲ ಬಂದಿದ್ಲು, ಒಂದು ತೆಗದೈತ್ರಿ. ಅದೇ ಹೆಸ್ರು, ಅದೇ ಅಪ್ಪ, ಅದೇ ಜೂನ್ ಒಂದು.”

“ಅಯ್ಯೋ ಮಾರಾಯ, ಅಕ್ಕತಂಗೇರು ಅವ್ರು! ನಾನ ನೋಡೀನಿ. ಹರಕಿ ಹೆಸ್ರು, ಇಬ್ರಿಗೂ ಅದನ್ನ ಇಟ್ಟಾರ. ಜೊತಿಗೆ ಹೋಗ್ಲಿ ಅಂತ ದೊಡ್ಡಾಕಿನ್ನ ತಡದು ಇಬ್ರನ್ನೂ ಒಂದ ದಿನ ಸಾಲಿಗೆ ಹಚ್ಯಾರ. ಹುಟ್ಟಿದ ದಿನ ಅಂತ ಮೇಷ್ಟ್ರು ಎಲ್ಲಾರ್ಗೂ ಬರ್ಯೋದು ಜೂನ್ ಒಂದ. ನೀ ಹುಟ್ಟಿದ್ದು ಯಾವಾಗ, ಹೇಳು?”

ನನ್ನ ಸರ್ಟಿಫಿಕೇಟಿನಲ್ಲೂ ಜೂನ್ ಒಂದೇ.

ಮರುದಿನ ಪಟ್ಟಿ ಬಳ್ಳಾರಿಗೆ ಹೋಗಬೇಕು. ಹೀಗೇ ಹೋದರೆ ಒಬ್ಬಳಿಗೆ ಹಾಸ್ಟೆಲ್ಲಿಲ್ಲ; ಹಟ್ಟಿಯಲ್ಲಿ ಏಳನೇ ತರಗತಿಯ ಮುಂದೆ ಶಾಲೆಯೂ ಇಲ್ಲ. ಮೇಷ್ಟ್ರಿಂದ ಇಬ್ಬರ ಹೆಸರೂ ಬರೆಸಿ ತರೋಣವೆಂದು ಬಸ್ಸು ಹತ್ತಿದೆವು.

ಶಾಲೆಯಲ್ಲಿ ಚಿಕ್ಕವಳೊಬ್ಬಳೇ ಇದ್ದಳು. “ಬೋರ್ಡಿಗೆ ಹಚ್ಚಿದ ಪಟ್ಟಿಯಾಗ ಒಂದ ಹೆಸ್ರು ಇತ್ರಿ. ಅದು ನಿಂದು ಅಂದ್ಲು ಅಕ್ಕ. ಅವತ್ತಿಂದ ಸಾಲಿಗೆ ಬಂದಿಲ್ರಿ,” ಎಂದಳು.

ದೊಡ್ಡವಳು ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಬಿಸಿಲ ಝಳಕ್ಕೆ ಇಡೀ ಹೊಲ ನೀರಿನಂತೆ ತುಯ್ಯುತ್ತಿತ್ತು. ಮೇಡಂ ನಿದ್ದೆಯಲ್ಲಿ ನಡೆವವರಂತೆ ಮಡಿ ದಾಟಿಕೊಂಡು ಹೋಗಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

“ಪಟ್ಟಿಯಾಗ ನಿನ್ನ ಹೆಸ್ರೂ ಐತವ್ವ. ಸಾಲಿಗೆ ಬಾ.”

ಹುಡುಗಿ ಕೈಯಲ್ಲಿದ್ದ ಕಳೆಯನ್ನು ಬಿಡಲೇ ಇಲ್ಲ. ಹೆದರಿದ ಕಣ್ಣಲ್ಲಿ ನಮ್ಮಿಬ್ಬರನ್ನೂ ನೋಡಿದಳು.

“ಹಂಗಾರ ತಂಗೀದು ತಗದಬಿಡ್ತೀರೇನ್ರಿ?”

ಗುಂಡಿ ಒತ್ತಿದವನು ನಾನು, ಉತ್ತರವನ್ನೂ ನಾನೇ ಹೇಳಬೇಕಿತ್ತು. “ಇಲ್ಲವ್ವ, ಇಬ್ರೂ ಹೋಗೀರಂತ,” ಎಂದು ನಾನೂ ಅವಳ ಮುಂದೆ ಕೂತೆ.