ಇರ್ಮೆಲಿಯ ಹನ್ನೆರಡು ಕುಂಡಗಳು

ಉತ್ತರದ ಹಿಮನಾಡಿನ ಔಲು ಊರಿನ ಬಸ್ ಡಿಪೋದಲ್ಲಿ ಮ್ಯಾನೇಜರುಗಳು ಬದಲಾದರು, ಬಸ್ಸಿನ ಬಣ್ಣ ಬದಲಾಯಿತು, ಇರ್ಮೆಲಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಅಲ್ಲಿನ ಕಾಫಿ ಕೋಣೆ ಅವಳದು. ನೆಲ ಒರೆಸುವುದು, ಕಾಫಿ ಇಳಿಸುವುದು ಸಂಬಳದ ಕೆಲಸ. ಹನ್ನೆರಡು ಕುಂಡಗಳಲ್ಲಿ ಗಿಡ ಸಾಕಿದ್ದು ಯಾರ ಅಪ್ಪಣೆಯೂ ಇಲ್ಲದೆ ಮಾಡಿದ ಕೆಲಸ. ಹೊರಗೆ ಮೈನಸ್ ಇಪ್ಪತ್ತೈದು, ಸೂರ್ಯ ಮುಖ ತೋರಿಸಿದ ಹಾಗೆ ಮಾಡಿ ಮಧ್ಯಾಹ್ನವೇ ಓಡಿಹೋಗುತ್ತಾನೆ. ಅಂಥ ಜನವರಿಯಲ್ಲೂ ಅವಳ ಬಳ್ಳಿ ಹೊಸ ಎಲೆ ಬಿಡುತ್ತಿತ್ತು. ಜಂಬ ಇಲ್ಲದೆ ಇರುತ್ತದೆಯೇ? ಇತ್ತು, ಬೇಕಾದಷ್ಟಿತ್ತು.

"ಏನು ಹಾಕ್ತೀಯ ಇದಕ್ಕೆ?" ಅಂತ ಯಾರಾದರೂ ಕೇಳಿದರೆ ಸಾಕು, ಸೊಂಟದ ಮೇಲೆ ಕೈ ಬರುತ್ತಿತ್ತು. "ಸೋಮವಾರ ಸೋಮವಾರ ಕಾಫಿ ಚರಟ. ನಮ್ಮಜ್ಜಿ ಕಲಿಸಿದ್ದು." ಅರ್ಧ ಊರಿಗೆ ಈ ಪಾಠ ಹೇಳಿದ್ದಳು.

ಆ ವರ್ಷ ಎಲ್ಲಿಂದಲೋ ನೊರಜು ವಕ್ಕರಿಸಿತು. ಕುಂಡ ಮುಟ್ಟಿದರೆ ಮಣ್ಣಿನಿಂದ ಗುಂಪಾಗಿ ಎದ್ದು ಮೂಗಿಗೆ, ಕಣ್ಣಿಗೆ, ಕಾಫಿ ಲೋಟಕ್ಕೆ. ಹೊಸ ಮ್ಯಾನೇಜರ್ ಆರ್ತು ಚಮಚದ ತುದಿಯಲ್ಲಿ ಒಂದನ್ನು ಎತ್ತಿ ನೋಡಿದ.

"ಇರ್ಮೆಲಿ, ಶುಕ್ರವಾರದೊಳಗೆ ಇವೆಲ್ಲ ಖಾಲಿಯಾಗ್ಲಿ. ಪ್ಲಾಸ್ಟಿಕ್ ಗಿಡ ತರಿಸ್ತೀನಿ. ನೀರೂ ಬೇಡ, ನೊರಜಿನ ಕಾಟವೂ ಇಲ್ಲ."

ಪ್ಲಾಸ್ಟಿಕ್ಕು! ಇರ್ಮೆಲಿಗೆ ಮೈಯೆಲ್ಲ ಉರಿದುಹೋಯಿತು. ಮಂಗಳವಾರ ಕಾಫಿ ಹೊತ್ತಿನಲ್ಲಿ ಡ್ರೈವರುಗಳ ಮುಂದೆ ನಿಂತಳು.

"ಮಿಕ್ಕ ಕಾಫೀನ ನನ್ನ ಕುಂಡಕ್ಕೆ ಸುರೀತಿರೋ ಪುಣ್ಯಾತ್ಮ ಯಾರಪ್ಪ? ಮಣ್ಣು ಯಾವಾಗ ನೋಡಿದ್ರೂ ಒದ್ದೆ! ಒದ್ದೆ ಇದ್ರೆ ನೊರಜು ಬರದೆ ಇರುತ್ತಾ?"

"ನೀನು ಕೊಟ್ಟ ಕಾಫೀನ ಮಿಗಿಸೋ ಧೈರ್ಯ ಯಾರಿಗಿದೆ ಮಾರಾಯ್ತಿ?" ಅಂದ ತೈಸ್ತೊ. ಎಲ್ಲರಿಗಿಂತ ಹಳೆಯ ಡ್ರೈವರ್ ಅವನು, ಅವಳನ್ನು ಕೆಣಕುವ ಹಕ್ಕು ಅವನೊಬ್ಬನಿಗೇ ಇದ್ದದ್ದು.

ಕಳ್ಳನನ್ನು ಹಿಡಿದೇ ಬಿಡುತ್ತೇನೆ ಅಂತ ಇರ್ಮೆಲಿ ಹಸಿ ಆಲೂಗಡ್ಡೆ ಬಿಲ್ಲೆ ಕತ್ತರಿಸಿ ಒಂದೊಂದು ಕುಂಡದ ಮಣ್ಣಿನ ಮೇಲೆ ಒಂದೊಂದು ಇಟ್ಟಳು. ನೊರಜಿನ ಮರಿಹುಳಕ್ಕೆ ಆಲೂಗಡ್ಡೆ ಅಂದರೆ ಪ್ರಾಣ. ಎಲ್ಲಿ ಹೆಚ್ಚು ಹುಳವೋ ಅಲ್ಲೇ ಕಾಫಿ ಸುರಿದಿದ್ದಾರೆ ಅಂತ ಲೆಕ್ಕ.

ಬುಧವಾರ ಬೆಳಿಗ್ಗೆ ಬಿಲ್ಲೆಗಳನ್ನು ತಿರುವಿ ನೋಡಿದಳು. ಹನ್ನೊಂದರಲ್ಲಿ ಬಿಳಿ ಹುಳ ಮಿಜಿಮಿಜಿ ಅನ್ನುತ್ತಿದ್ದವು. ಒಂದು ಮಾತ್ರ ಚೊಕ್ಕಟ. ಅದು ಡ್ರೈವರುಗಳ ಮೇಜಿನ ಮೇಲೇ ಇದ್ದ, ಕತ್ತಿಯ ಹಾಗೆ ಉದ್ದ ಎಲೆಯ ಅತ್ತೆನಾಲಿಗೆ ಗಿಡ. ಅವರು ಸುರಿಯುವುದಾದರೆ ಮೊದಲು ಅದಕ್ಕೇ ಸುರಿಯಬೇಕಿತ್ತು. ಆ ಗಿಡಕ್ಕೆ ಗೊಬ್ಬರ ಬೇಡ ಅಂತ ಅವಳು ಚರಟ ಹಾಕುತ್ತಿರಲಿಲ್ಲ. ಮಿಕ್ಕ ಹನ್ನೊಂದಕ್ಕೂ ತಪ್ಪದೆ ಹಾಕಿದ್ದಳು. ಚರಟ ಮಣ್ಣಿನ ಮೇಲೆ ಹೆಪ್ಪುಗಟ್ಟಿ, ತೇವ ಹಿಡಿದು, ನೊರಜಿಗೆ ಬಾಣಂತಿ ಕೋಣೆಯಾಗಿತ್ತು. ಇಷ್ಟು ದಿನ ಹುಡುಕಿದ ಕಳ್ಳಿ ಇರ್ಮೆಲಿಯೇ!

ಮೊದಲ ಪಾಳಿಗೆ ಬಂದಿದ್ದ ತೈಸ್ತೊ ಬಿಲ್ಲೆ ನೋಡಿದ, ಅವಳ ಮುಖ ನೋಡಿದ. "ಬಿಡು, ನಾನೇನೂ ನೋಡ್ಲಿಲ್ಲ," ಅಂದು ಟೋಪಿ ಹಾಕಿಕೊಂಡು ಹೊರಟುಹೋದ.

ಎರಡು ದಿನ ಅವಳು ಮೇಲಿನ ಎರಡು ಬೆರಳು ಮಣ್ಣು ಕೆರೆದು ಬಿಸಾಕಿದಳು, ಒಣ ಮರಳು ಹರಡಿದಳು, ಹಾರುವ ನೊರಜು ಅಂಟಿಕೊಳ್ಳಲಿ ಅಂತ ಹಳದಿ ಅಂಟುಹಾಳೆ ನೆಟ್ಟಳು. ಮೇಲಿಂದ ನೀರು ಬಂದ್, ಇನ್ನು ಏನಿದ್ದರೂ ಕೆಳಗಿನ ತಟ್ಟೆಗೆ. ಆದರೂ ಶುಕ್ರವಾರ ಆರ್ತು ಬಂದಾಗ ನೊರಜು ಹಾರುತ್ತಲೇ ಇತ್ತು.

"ಗೊತ್ತಾಯ್ತಾ, ಯಾಕಂತ?" ಕೇಳಿದ.

ಇರ್ಮೆಲಿ ಬಾಯಿ ತೆರೆಯುವ ಮೊದಲೇ ತೈಸ್ತೊ ಎದ್ದ. "ನಂದೇ ತಪ್ಪು. ಕಾಫಿ ಸುರೀತಿದ್ದೆ." ಹಿಂದೆಯೇ ಪೆಂತ್ತಿ ಅನ್ನುವ ಇನ್ನೊಬ್ಬ ಡ್ರೈವರ್, "ನಾನೂ." ಆಮೇಲೆ ಮತ್ತಿಬ್ಬರು. ಇಷ್ಟು ವರ್ಷದಲ್ಲಿ ಅವಳ ಒಂದು ಹುಟ್ಟುಹಬ್ಬಕ್ಕೂ ಒಳ್ಳೆ ಮಾತಾಡಲು ಬಾಯಿ ಬಿಡದ ಗಂಡಸರು!

ಇರ್ಮೆಲಿಗೆ ಅವರ ಮೇಲೆ ಅಕ್ಕರೆ ಉಕ್ಕಿತು. ಬೆನ್ನಲ್ಲೇ ಸಿಟ್ಟೂ ಬಂತು.

"ಬಾಯ್ಮುಚ್ಕೊಂಡು ಕೂತ್ಕೊಳ್ರೋ! ಒಬ್ಬನೂ ಒಂದು ತೊಟ್ಟು ಸುರಿದಿಲ್ಲ. ಚರಟ ಹಾಕಿದ್ದು ನಾನು, ಹುಳ ಸಾಕಿದ್ದೂ ನಾನು. ಊರಿಗೆಲ್ಲ ಇದನ್ನೇ ಹೇಳಿಕೊಟ್ಟೋಳೂ ನಾನೇ. ಮೂರು ವಾರ ಕೊಡು ಆರ್ತು. ಆಮೇಲೂ ಒಂದು ನೊರಜು ಕಂಡ್ರೆ ಕುಂಡಗಳನ್ನ ನಾನೇ ಹೊತ್ತು ಹೊರಗೆ ಹಾಕ್ತೀನಿ."

ಆರ್ತು ಎದ್ದು ನಿಂತಿದ್ದ ನಾಲ್ವರನ್ನೂ ನೋಡಿದ. "ಮೂರು ವಾರ," ಅಂದ.

ಆ ಮೂರು ವಾರ ಡಿಪೋದಲ್ಲಿ ಬಸ್ಸಿನ ಮಾತಿಗಿಂತ ನೊರಜಿನ ಮಾತೇ ಜಾಸ್ತಿ. ಅಂಟುಹಾಳೆಯ ಮುಂದೆ ನಿಂತು ಎಣಿಸದೆ ಯಾರೂ ಪಾಳಿಗೆ ಹೋಗುತ್ತಿರಲಿಲ್ಲ. ಇರ್ಮೆಲಿಯಂತೂ ಚರಟದ ಪಾಠ ಕಲಿಸಿದವರಿಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿ, "ನಾನು ಹೇಳಿದ್ದು ತಪ್ಪು, ಕೆರೆದು ತೆಗೀರಿ," ಅಂದಳು.

ಇಪ್ಪತ್ತೊಂದನೆಯ ದಿನ ಆರ್ತು ಹೊಸ ಹಾಳೆ ನೋಡಿದ. ಖಾಲಿ. ಬೆರಳಿನಿಂದ ಮಣ್ಣು ಕೆದಕಿದ. ಏನೂ ಏಳಲಿಲ್ಲ. ಬಳ್ಳಿಯ ಹೊಸ ಎಲೆಯನ್ನು ಮೆಲ್ಲಗೆ ಮುಟ್ಟಿ, "ಸರಿ, ಗಿಡ ಇರ್ಲಿ," ಅಂದ.

"ಇರ್ತವೆ," ಅಂದಳು ಇರ್ಮೆಲಿ, ಅಪ್ಪಣೆ ಪಡೆದವಳ ಹಾಗಲ್ಲ, ಕೊಟ್ಟವಳ ಹಾಗೆ.