ಪರವಾಗಿಲ್ಲ ಎನ್ನುವವರ ಗುಂಪು

ನನಗೆ ಹೊಗಳಿಸಿಕೊಳ್ಳುವ ಚಪಲ ಸ್ವಲ್ಪ ಜಾಸ್ತಿ. ಸಾರು ಬಡಿಸಿ, ಸೌಟು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಲ್ಲುವ ಹೆಂಗಸು ನಾನು. ಉಣ್ಣುವವರು ಮೊದಲ ತುತ್ತು ನುಂಗುವ ಮುಂಚೆಯೇ "ಹೇಗಿದೆ?" ಎಂದು ಕೇಳಿ, ಅವರು ಕೆಮ್ಮಿದರೂ ಅದನ್ನು ಮೆಚ್ಚುಗೆಯ ಲೆಕ್ಕಕ್ಕೇ ಹಾಕಿಕೊಳ್ಳುತ್ತೇನೆ. ಇಂಥವಳು ವ್ಯಾಪಾರಕ್ಕೆ ಇಳಿದರೆ ಗಿರಾಕಿಗಳನ್ನು ಸುಮ್ಮನೆ ಬಿಟ್ಟಾಳೆಯೇ?

ವ್ಯಾಪಾರವೆಂದರೆ ಭಾರಿ ಏನಲ್ಲ. ಮಧುಗಿರಿಯಲ್ಲಿ ಬೆಟ್ಟದ ಬುಡಕ್ಕೇ ನಮ್ಮ ಮನೆ. ಬೇಸಿಗೆಯಲ್ಲಿ ಆ ಬಂಡೆ ಹಗಲೆಲ್ಲ ಕಾದು, ಸಂಜೆಯಾದರೆ ತನ್ನ ಬಿಸಿಯನ್ನೆಲ್ಲ ನಮ್ಮ ಹಿತ್ತಿಲಿಗೇ ಕಳಿಸುತ್ತದೆ. ಆ ಹಿತ್ತಿಲಲ್ಲಿ ನನ್ನ ಓರಗಿತ್ತಿ ಗೌರಕ್ಕ ಕಡಲೆಕಾಯಿ ಬೀಜ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಒಂದು ಚೂರು ಬೆಲ್ಲ ಸೇರಿಸಿ ಚಟ್ನಿಪುಡಿ ಮಾಡುತ್ತಾಳೆ. ಪೊಟ್ಟಣ ಕಟ್ಟುವುದು, ಕೊರಿಯರ್‌ಗೆ ಕೊಡುವುದು, ಕಂಪ್ಯೂಟರಿನ ಮುಂದೆ ಕೂತು ಏನೋ ಘನಂದಾರಿ ಕೆಲಸ ಮಾಡುವವಳ ಹಾಗೆ ಕಾಣುವುದು ನನ್ನ ಪಾಲು.

ಪೊಟ್ಟಣ ತಲುಪಿದ ಮೇಲೆ ಗಿರಾಕಿಗೆ ಒಂದು ಸರ್ವೆ ಹೋಗುತ್ತದೆ. ಪುಡಿ ಹೇಗಿತ್ತು, ಐದು ನಕ್ಷತ್ರದಲ್ಲಿ ಎಷ್ಟು ಕೊಡುತ್ತೀರಿ, ಬೇರೆ ಏನಾದರೂ ಹೇಳುವುದಿದೆಯೇ, ಇಷ್ಟೇ ಪ್ರಶ್ನೆ. ಮೊದಮೊದಲು ಬಂದ ಉತ್ತರಗಳನ್ನೆಲ್ಲ ನಾನೇ ಓದಿ, ಒಬ್ಬೊಬ್ಬರಿಗೂ ಕೂತು ಇಮೇಲ್ ಬರೆಯುತ್ತಿದ್ದೆ. ಆಮೇಲೆ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಸರ್ವೆಯನ್ನೂ ಇಮೇಲ್ ಗುಂಪನ್ನೂ ಒಂದಕ್ಕೊಂದು ಜೋಡಿಸಿಬಿಟ್ಟರೆ ಸಾಕಂತೆ. ಉತ್ತರ ನೋಡಿಕೊಂಡು ಗಿರಾಕಿಯನ್ನು ತಕ್ಕ ಗುಂಪಿಗೆ ಸೇರಿಸಿ, ತಕ್ಕ ಇಮೇಲನ್ನೂ ಅದೇ ಕಳಿಸುತ್ತದಂತೆ. ನನ್ನ ತವರು ಮದಲೂರು. ಕೆರೆಯ ತೂಬು ಎತ್ತಿದರೆ ನೀರು ತನ್ನ ಕಾಲುವೆ ಹಿಡಿದು ತಾನೇ ಹೋಗುವುದನ್ನು ನೋಡಿ ಬೆಳೆದವಳಿಗೆ ಇದೇನು ಮಹಾ ಎನ್ನಿಸಿತು.

ಕಾಲುವೆ ಎರಡೇ ತೋಡಿದೆ. ನಾಲ್ಕೋ ಐದೋ ನಕ್ಷತ್ರ ಕೊಟ್ಟವರು ಸಂತೋಷದ ಗುಂಪಿಗೆ, ಅವರಿಗೊಂದು ಧನ್ಯವಾದ. ಮೂರೋ ಅದಕ್ಕಿಂತ ಕಡಿಮೆಯೋ ಕೊಟ್ಟವರು ಬೇಸರದ ಗುಂಪಿಗೆ, ಅವರಿಗೊಂದು ಕ್ಷಮಾಪಣೆ. ಆ ಕ್ಷಮಾಪಣೆಯನ್ನು ಬರೆಯುವಾಗ ನನ್ನ ಕೈಗೆ ಅದೇನು ಆವೇಶ ಬಂದಿತ್ತೋ, "ತಮ್ಮ ಮನಸ್ಸಿಗಾದ ನೋವಿನಲ್ಲಿ ನಾವೂ ಭಾಗಿಗಳು" ಎಂದೆಲ್ಲ ಬರೆದಿದ್ದೆ. ಈಗ ಓದಿದರೆ ಸಾವಿನ ಮನೆಗೆ ಕಳಿಸಿದ ಹಾಗಿದೆ. ಗಡಿಬಿಡಿಯಲ್ಲಿ ಇನ್ನೊಂದು ಎಡವಟ್ಟೂ ಆಯಿತು. ಗುಂಪಿಗೆ ಯಾರು ಉತ್ತರ ಬರೆದರೂ ಅದು ಗುಂಪಿನ ಎಲ್ಲರಿಗೂ ಹೋಗಲಿ ಎಂಬ ಕಡೆ ಟಿಕ್ ಬಿದ್ದಿತ್ತು. ನನಗೆ ಅದು ಗೊತ್ತಾಗಲೇ ಇಲ್ಲ.

ಒಂದು ತಿಂಗಳು ಬಿಟ್ಟು ನೋಡುತ್ತೇನೆ, ಬೇಸರದ ಗುಂಪು ಸಂತೆಯ ಹಾಗೆ ತುಂಬಿಹೋಗಿದೆ! ಸಂತೋಷದ ಗುಂಪಿನಲ್ಲಿ ಇದ್ದವರೆಲ್ಲ ಆಗೊಮ್ಮೆ ಈಗೊಮ್ಮೆ ಕೊಂಡು "ಸೂಪರ್" ಎಂದು ಬರೆಯುವ ದೂರದೂರಿನವರು. ಬೇಸರದಲ್ಲಿ ಇದ್ದವರು ಶಿರಾ, ಕೊರಟಗೆರೆ, ಪಾವಗಡದ ನಮ್ಮ ಕಾಯಂ ಗಿರಾಕಿಗಳು. ಶಿರಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಬಷೀರ್ ಸಾಹೇಬರು ತಿಂಗಳು ತಪ್ಪದೆ ತರಿಸುವವರು, ಅವರದು ಮೂರು ನಕ್ಷತ್ರ. ಪಾವಗಡದ ಹೈಸ್ಕೂಲಿನ ಸುಜಾತಾ ಮೇಡಂ ಅವರದೂ ಮೂರು. ಏನು ಹೇಳುವುದಿದೆ ಎಂದು ಕೇಳಿದ ಕಡೆ ಇಬ್ಬರೂ ಬರೆದಿದ್ದು ಒಂದೇ ಮಾತು, "ಪರವಾಗಿಲ್ಲ".

ನಾನು ಈ ಸೀಮೆಯಲ್ಲೇ ಹುಟ್ಟಿ ಇಲ್ಲಿಗೇ ಸೊಸೆಯಾಗಿ ಬಂದವಳು. ಆ ಮಾತಿನ ಬೆಲೆ ನನಗೆ ಗೊತ್ತಿರಬೇಕಿತ್ತು. ನಮ್ಮ ಮಾವನವರು ಬದುಕಿದ್ದ ತನಕ ಯಾವ ಅಡುಗೆಗೂ "ತಿನ್ಬೋದು" ಎನ್ನುವುದನ್ನು ಮೀರಿ ಹೇಳಲಿಲ್ಲ. ಹಾಗೆನ್ನುತ್ತಲೇ ಎರಡನೇ ಸಲ ತಟ್ಟೆ ಒಡ್ಡುತ್ತಿದ್ದರು. ಮಗು ದುಂಡಗಿದೆ ಎಂದರೆ ದೃಷ್ಟಿಯಾಗುತ್ತದೆ, ಬೆಳೆ ಚೆನ್ನಾಗಿದೆ ಎಂದರೆ ಮೋಡ ಕೇಳಿಸಿಕೊಂಡು ಮುಂದೆ ಹೋಗುತ್ತದೆ. ಬಾಯಿತುಂಬ ಹೊಗಳುವವರು ಕಂಡರೆ ಇವರಿಗೆ ನಮ್ಮಿಂದ ಏನೋ ಆಗಬೇಕಾಗಿದೆ ಎಂದೇ ಅರ್ಥ. ನಿಡುಗಲ್ಲಿನ ಕಡೆ ಬಂಡೆಗಳ ಮೇಲೆ ಹಳೆಯ ಶಾಸನಗಳಿವೆ. ಶಾಸನ ಎಂದರೆ ಕೇಳಬೇಕೆ, ಹೊಗಳಿಕೆಗೆ ಬರವಿಲ್ಲ. ಒಬ್ಬೊಬ್ಬ ದೊರೆಗೂ ಐದಲ್ಲ, ಆಕಾಶದ ನಕ್ಷತ್ರವೆಲ್ಲ ಕೊಟ್ಟಿರುತ್ತಾರೆ. ಕೊಡದೆ ಏನು, ಹೊಗಳಿದವನಿಗೆ ದೊರೆಯ ಕಡೆಯಿಂದ ಏನಾದರೂ ಸಿಗುತ್ತಿತ್ತು. ನಮ್ಮ ಗಿರಾಕಿಗಳು ತಾವೇ ದುಡ್ಡು ಕೊಟ್ಟು ತಿನ್ನುವವರು. ಅವರೇಕೆ ಹೊಗಳುತ್ತಾರೆ?

ಈ ವಿವೇಕವೆಲ್ಲ ಈಗಿನದು. ಆವತ್ತು ನಾನು ಮಾಡಿದ್ದು ಬೇರೆ. ಮುಖ ಸಣ್ಣ ಮಾಡಿಕೊಂಡು ಹಿತ್ತಿಲಿಗೆ ಹೋಗಿ, "ಅಕ್ಕಾ, ಜನಕ್ಕೆ ಪುಡಿ ಹಿಡಿಸ್ತಿಲ್ಲ ಕಣೆ. ಬೇಸರದೋರೇ ಜಾಸ್ತಿ" ಅಂದುಬಿಟ್ಟೆ.

ಗೌರಕ್ಕ ಬಾಣಲೆಯಿಂದ ತಲೆ ಎತ್ತಲಿಲ್ಲ. "ಯಾರ್ಯಾರು?" ಎಂದಳು. ಹೇಳಿದೆ. "ಸಾಬ್ರೂವಾ?" ಎಂದಳು. ಹೂಂ ಎಂದೆ. ಅವಳು ಸಾಹೇಬರನ್ನು ಒಂದು ದಿನವೂ ನೋಡಿದವಳಲ್ಲ. ಆದರೆ ಪ್ರತಿ ಸಲ ಹುರಿಯುವಾಗಲೂ "ಇದು ಶಿರಾಕ್ಕೆ, ಇದು ಪಾವಗಡಕ್ಕೆ" ಎಂದು ಮನಸ್ಸಿನಲ್ಲೇ ಪಾಲು ಹಾಕಿ ಹುರಿಯುವವಳು. ಆವತ್ತು ಮಧ್ಯಾಹ್ನ ಅವಳು ಸರಿಯಾಗಿ ಊಟ ಮಾಡಲಿಲ್ಲ.

ಮುಂದಿನ ಸಲದ ಪುಡಿಗೆ ಅವಳು ಮೆಣಸಿನಕಾಯಿ ಇಳಿಸಿದಳು, ಬೆಲ್ಲ ಏರಿಸಿದಳು, ಬೀಜವನ್ನು ಕೆಂಪಗಾಗುವ ಮುಂಚೆಯೇ ತೆಗೆದಳು. ನಾನು ನೆಕ್ಕಿ ನೋಡಿ, ಬದಲಾವಣೆ ಒಳ್ಳೆಯದೇ ಇರಬೇಕು ಎಂದುಕೊಂಡು ಕಳಿಸಿದೆ. ಪೊಟ್ಟಣಗಳು ಹೋದ ಮೇಲೆ ಗೌರಕ್ಕ ಬಾಣಲೆ ತೊಳೆದು, ಒರೆಸಿ, ಬೋರಲು ಹಾಕಿದಳು.

"ಇನ್ನು ನೀನೇ ಹುರ್ಕೋ ವಸಂತಾ. ನನ್ ಕೈಯಾಗೆ ರುಚಿ ಹೋಗೈತೆ" ಎಂದಳು.

"ಹಂಗನ್ಬ್ಯಾಡ ಅಕ್ಕಾ."

"ಹೋಗೈತೆ ಬುಡು. ನಲವತ್ತು ವರ್ಸ ಇತ್ತಲ್ಲ, ಸಾಕು."

ನಾನು ಹುರಿದರೆ ಏನಾಗುತ್ತದೆ ಎಂಬುದು ನಮ್ಮ ಬೀದಿಯ ನಾಯಿಗಳಿಗೂ ಗೊತ್ತು. ಆದರೆ ಆಗ ನನಗೆ ವ್ಯಾಪಾರದ ಚಿಂತೆಗಿಂತ ಆ ಬೋರಲು ಬಿದ್ದ ಬಾಣಲೆಯದೇ ಚಿಂತೆ. ಒಂದು ಹೆಂಗಸಿನ ನಲವತ್ತು ವರ್ಷದ ಕೈಯನ್ನು ನಾನು ಎರಡು ಕಾಲುವೆ ತೋಡಿ ಬರಿದು ಮಾಡಿಬಿಟ್ಟೆನಲ್ಲ!

ವಾರ ಕಳೆಯುವುದರೊಳಗೆ ಸರ್ವೆಗಳು ಬಂದವು. ಸಂತೋಷದ ಗುಂಪಿನವರು ಯಥಾಪ್ರಕಾರ ಐದು ನಕ್ಷತ್ರ, ಯಥಾಪ್ರಕಾರ "ಸೂಪರ್". ಬೆಲ್ಲ ಏರಿದ್ದೂ ಅವರಿಗೆ ತಿಳಿಯಲಿಲ್ಲ, ಖಾರ ಇಳಿದದ್ದೂ ತಿಳಿಯಲಿಲ್ಲ. ನಾನು ಮರದ ಹೊಟ್ಟು ಕಳಿಸಿದ್ದರೂ ಅವರು ಸೂಪರ್ ಎನ್ನುತ್ತಿದ್ದರೋ ಏನೋ.

ಬೇಸರದ ಗುಂಪಿನಲ್ಲಿ ಮಾತ್ರ ಕೋಲಾಹಲವೆದ್ದಿತ್ತು. ಆ ನನ್ನ ಟಿಕ್ಕಿನ ದೆಸೆಯಿಂದ ಒಬ್ಬರು ಬರೆದದ್ದು ಎಲ್ಲರಿಗೂ ಹೋಗಿ, ಎಲ್ಲರೂ ಜಗಲಿಗೆ ಬಂದು ಕೂತಿದ್ದರು. ಶುರು ಮಾಡಿದವರು ಬಷೀರ್ ಸಾಹೇಬರು: "ನೀವು ಯಾಕಮ್ಮ ನನ್ನ ಹತ್ರ ಮಾಫಿ ಕೇಳ್ತೀರ? ನನಗೇನೂ ಬೇಜಾರಿಲ್ಲ. ಆದ್ರೆ ಈ ಸಲದ ಪುಡಿ ಮೊದಲಿನಂಗಿಲ್ಲ. ಹುರಿಯೋರ ತಬಿಯತ್ ಸರಿ ಐತಾ?" ಅದರ ಕೆಳಗೆ ಸುಜಾತಾ ಮೇಡಂ: "ನಮ್ಮನೇಲೂ ಅದೇ ಮಾತು. ಏಮೈಂದಿ, ಏನಾಯ್ತು ಅಂತ ನಮ್ಮತ್ತೆ ತೆಲುಗಲ್ಲಿ ಕೇಳ್ತಾನೇ ಇದಾರೆ. ಆ ಅಮ್ಮನಿಗೆ ಹುಷಾರಿಲ್ವಾ?" ಕೊರಟಗೆರೆಯವರೊಬ್ಬರು ಬೀಜ ಹಸಿಯಾಗಿದೆ, ಉರಿ ಸಾಲದು, ಸೌದೆ ಸಿಗುತ್ತಿಲ್ಲವೇ ಎಂದು ವಿಚಾರಿಸಿದ್ದರು. ಅಷ್ಟರಲ್ಲಿ ಅವರವರಲ್ಲೇ ಊರು, ಬಳಗ, ಯಾವ ಮಾತ್ರೆ ತಗೊಳ್ಳಬೇಕು ಎಂಬಲ್ಲಿಗೆ ಮಾತು ಬೆಳೆದಿತ್ತು. ಒಬ್ಬರಾದರೂ ಬೇರೆ ಕಡೆ ತರಿಸುತ್ತೇವೆ ಎಂದಿರಲಿಲ್ಲ. ಓದುತ್ತಾ ಓದುತ್ತಾ ನನ್ನ ಕಣ್ಣು ಮಂಜಾಯಿತು.

ಲ್ಯಾಪ್‌ಟಾಪನ್ನು ಎತ್ತಿಕೊಂಡು ಹಿತ್ತಿಲಿಗೆ ಓಡಿದೆ. ಒಂದೊಂದನ್ನೂ ಗಟ್ಟಿಯಾಗಿ ಓದಿದೆ. ಗೌರಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿದಳು. ಕೈ ಒದ್ದೆಯೇನೂ ಇರಲಿಲ್ಲ. "ಹಸಿ ಅಂತ ಗೊತ್ತಾಯ್ತಾ ಅವ್ರ್ಗೆ?" ಎಂದಳು. "ಗೊತ್ತಾಯ್ತು" ಎಂದೆ. "ಖಾರ ಕಮ್ಮಿ ಅಂತ?" "ಅದೂ ಗೊತ್ತಾಯ್ತು." "ನಂಗೆ ಹುಷಾರಿಲ್ಲ ಅಂದ್ಕಂಡ್ರಾ?" ಎಂದು ಇನ್ನೊಮ್ಮೆ ಕೇಳಿ, ನನ್ನ ಉತ್ತರಕ್ಕೂ ಕಾಯದೆ ಬಾಣಲೆಯನ್ನು ಮಗುಚಿ ಒಲೆಯ ಮೇಲಿಟ್ಟಳು.

ನಾನು ಒಳಗೆ ಬಂದು ಎರಡು ಗುಂಪುಗಳ ಹೆಸರು ತಿದ್ದಿದೆ. ಸಂತೋಷದ ಗುಂಪು ಇನ್ನು ಮುಂದೆ ನೆಂಟರ ಗುಂಪು. ಬೇಸರದ ಗುಂಪು ಮನೆಯವರ ಗುಂಪು. ಕ್ಷಮಾಪಣೆಯ ಕಾಗದ ಕಿತ್ತುಹಾಕಿದೆ. ಆ ಟಿಕ್ಕನ್ನು ಮಾತ್ರ, ಎಲ್ಲರನ್ನೂ ಕೇಳಿ ಒಪ್ಪಿಸಿಕೊಂಡು, ಹಾಗೇ ಉಳಿಸಿಕೊಂಡೆ. ಯಂತ್ರದ ತಪ್ಪೇನೂ ಇಲ್ಲ. ನಾನು ತೋಡಿದ ಕಡೆಗೇ ನೀರು ಹರಿಸಿತ್ತು ಪಾಪ.

ಹಳೇ ಹದದಲ್ಲೇ ಹುರಿದ ಹೊಸ ಪುಡಿ ಹೋಯಿತು. ಸರ್ವೆ ಬರುವ ದಿನಗಳಲ್ಲಿ ಈಗ ಸೌಟು ಹಿಡಿದು ಪಕ್ಕದಲ್ಲಿ ನಿಲ್ಲುವವಳು ಗೌರಕ್ಕ.

"ಸಾಬ್ರು ಎಷ್ಟು ಕೊಟ್ರು?"

"ಮೂರು. ಪರವಾಗಿಲ್ಲವಂತೆ."

ಅವಳ ಮುಖ ಅರಳಿತು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. "ಪಾವಗಡದ ಮೇಡಮ್ಮ?"

"ನಾಲ್ಕು ಕೊಟ್ಟವ್ರೆ ಅಕ್ಕಾ!" ಎಂದೆ ಹಿಗ್ಗಿನಿಂದ.

ಗೌರಕ್ಕ ಗಾಬರಿಯಾಗಿ ಸೌಟು ಕೆಳಗಿಟ್ಟಳು. "ನಾಲ್ಕಾ? ಅಯ್ಯೋ, ಏನ್ ಹೆಚ್ಚುಕಮ್ಮಿ ಆಗೈತೋ ಏನೋ. ಫೋನ್ ಮಾಡಿ ಕೇಳು ಕಣಮ್ಮ!"